ಇಳಿಜಾರಿನ ಉಳಿತಾಯ

ಗೇರ್‌ಬಾಕ್ಸಿನ ಆಯಿಲ್ ಕಡ್ಡಿಯನ್ನು ಮೆಕ್ಯಾನಿಕ್ ನನ್ನ ಮೂಗಿನ ಹತ್ತಿರ ಹಿಡಿದ. ಕರಕಲು ವಾಸನೆಗೆ ಮುಖ ತಿರುಗಿಸಿದೆ. ಕೆಂಪಗಿರಬೇಕಾದ ಆಯಿಲ್ ಚರಂಡಿ ನೀರಿನ ಹಾಗೆ ಕಪ್ಪಾಗಿತ್ತು.

"ಇಳಿಜಾರಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲಲ್ಲಿ ಬಿಡ್ತೀರಾ ಮೇಡಂ? ಆಟೋಮ್ಯಾಟಿಕ್ ಗಾಡೀಲಿ ಹಾಗೆ ಮಾಡಿದ್ರೆ ಗೇರ್‌ಬಾಕ್ಸಿಗೆ ಆಯಿಲ್ ಹೋಗಲ್ಲ. ಒಳಗಿರೋದೆಲ್ಲ ಸುಟ್ಟುಹೋಗುತ್ತೆ."

"ನಾನಂತೂ ಬಿಡಲ್ಲ," ಎಂದೆ. ಅವನು ಹೊಸ ಆಯಿಲ್ ಹಾಕಿ ಕಳಿಸಿದ.

ಚಿಕ್ಕಂದಿನಿಂದ ನನ್ನ ಎಡಗಾಲಿಗೆ ಬಲವಿಲ್ಲ, ಕ್ಲಚ್ ಒತ್ತಲಾರೆ. ಓಬೀರಾಯನ ಕಾಲದ ಈ ಆಟೋಮ್ಯಾಟಿಕ್ ಕಾರಿಲ್ಲದಿದ್ದರೆ ಊರಾಚೆಯ ಲ್ಯಾಬಿನ ಕೆಲಸವೂ ಇಲ್ಲ. ಈಚೆಗೆ ಅದು ಗೇರ್ ಬದಲಿಸುವಾಗ ಗುದ್ದುತ್ತಿತ್ತು, ಏರು ಬಂದರೆ ಎಂಜಿನ್ ಅರಚುತ್ತಿತ್ತೇ ಹೊರತು ಗಾಡಿ ಮುಂದೆ ಹೋಗುತ್ತಿರಲಿಲ್ಲ.

ಮೆಕ್ಯಾನಿಕ್ ಹೇಳಿದ್ದನ್ನು ಊಟದ ಹೊತ್ತಿಗೆ ಹೇಳಿದೆ. ಮಾವನವರು ನನ್ನ ಕಾಲು ನೋಡಿಕೊಂಡೇ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಗಾಡಿ ಸರಿಯಾಗೇ ಇದೆ, ಓಡಿಸೋರು ಸರಿ ಇಲ್ಲ. ಮಾರಿಬಿಡೋಣ," ಎಂದರು. ನನ್ನ ಮೈ ಉರಿಯಿತು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

ಪ್ರತಿ ಭಾನುವಾರದ ಹಾಗೆ ಮಾವನವರು ಕಾರು ತೆಗೆದರು. ಗಂಡ ಪಕ್ಕದಲ್ಲಿ ಕೂತ. ಈ ಸಲ ನಾನೂ ಹೋಗಿ ಹಿಂದೆ ಕೂತೆ. ರಸ್ತೆ ಇಳಿಯತೊಡಗಿದ್ದೇ ತಡ, ಮಾವನವರು ಗೇರನ್ನು ನ್ಯೂಟ್ರಲ್‌ಗೆ ತಳ್ಳಿ ಕೀ ತಿರುಗಿಸಿದರು. ಸದ್ದು ನಿಂತು ಕಾರು ತಾನಾಗಿ ಉರುಳತೊಡಗಿತು.

"ನೋಡಮ್ಮ, ಒಂದು ಹನಿ ಪೆಟ್ರೋಲ್ ಖರ್ಚಿಲ್ಲ. ಓಡಿಸೋದು ಅಂದ್ರೆ ಹೀಗೆ."

ಆ ಜುಗ್ಗ ನಗು ನೋಡಿ ಅಸಹ್ಯವಾಯಿತು. "ಮಾವ, ಮೊದ್ಲು ಎಂಜಿನ್ ಆನ್ ಮಾಡಿ," ಎಂದೆ. ಅವರು ಮಾಡಿದ್ದು ಇಳಿಜಾರು ಮುಗಿದ ಮೇಲೆಯೇ. ಓಡುವ ಗಾಡಿಯಲ್ಲೇ ಗೇರನ್ನು ಡ್ರೈವ್‌ಗೆ ಎಳೆದರು. ಅಡಿಯಲ್ಲಿ ಧಡ್ ಎಂದಿತು. ಎಂಜಿನ್ ಅರಚಿತು, ಕಾರು ನಿಧಾನವಾಗಿ ನಿಂತೇಬಿಟ್ಟಿತು.

ಗಂಡನನ್ನು ಕೇಳಿದೆ: "ನಿಂಗೆ ಇದು ಗೊತ್ತಿತ್ತಾ?"

"ಯಾವಾಗ್ಲೂ ಹೀಗೇ ಮಾಡ್ತಾರೆ. ಅಪ್ಪಂಗೆ ಹೇಳೋಕಾಗುತ್ತಾ?" ಅವನು ಕಿಟಕಿಯಾಚೆ ನೋಡಿದ. "ನೀನಾದ್ರೆ ಹೇಗೋ ಸಹಿಸ್ಕೋತೀಯ ಅಂತ ಸುಮ್ನಿದ್ದೆ."

ಮುದುಕರ ಮೇಲಿನ ಸಿಟ್ಟು ಅಲ್ಲೇ ಆರಿಹೋಯಿತು. ಈ ಮನುಷ್ಯನ ಪಕ್ಕ ದಿನಾ ಮಲಗುತ್ತೇನಲ್ಲ ಎಂದು ಹೇಸಿಗೆಯಾಯಿತು. ನಾಳೆ ಲ್ಯಾಬಿಗೆ ಹೇಗೆ ಹೋಗಬೇಕೆಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

"ಇಬ್ರೂ ಇಳೀರಿ," ಎಂದು ಮುಂದೆ ಹೋಗಿ ಸ್ಟೀರಿಂಗ್ ಹಿಡಿದೆ. "ಗ್ಯಾರೇಜ್ ತನಕ ತಳ್ಳಿ."

ಗಂಡ ಅಂಗಿಯ ತೋಳು ಮಡಚಿ ಕಾರಿನ ಹಿಂದಕ್ಕೆ ಹೋದ. ಮಾವನವರು ರಸ್ತೆಯ ಅಂಚಿನಲ್ಲಿ ಕೈ ಕಟ್ಟಿ ನಿಂತರು.

"ಮಾವ, ನೀವೂ ಬಂದು ಕೈ ಹಾಕಿ."

ಅವರು ಮಗನ ಮುಖ ನೋಡಿದರು. ಮಗ ಎಂದಿನಂತೆ ಏನೂ ಹೇಳಲಿಲ್ಲ. ಅವರು ಬಂದು ಕೈ ಹಾಕಿದರು.