ಕಂಬಿಗೆ ಕಟ್ಟಿದ ಬಟ್ಟೆ

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನಾದಿನಿಯೇ ಅತ್ತಿಗೆಯ ಅಂಗಿಯ ಗುಂಡಿ ಹಾಕಬೇಕು. ಅತ್ತಿಗೆಯ ಬಲಗೈ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಬಿಳಿ ಪಟ್ಟಿಯೊಳಗಿದೆ. ಎಡಗೈಯಲ್ಲಿ ತಾನೇ ಹಾಕಿಕೊಳ್ಳಲು ನೋಡಿದ್ದಳು. ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಹೋಗಿ ಅಂಗಿಯ ಕುತ್ತಿಗೆ ಸೊಟ್ಟಗಾಗಿತ್ತು.

“ಮದುವೆ ಹೆಣ್ಣಿಗೂ ಇಷ್ಟು ಸೇವೆ ಇರಲ್ಲ ಕಣೇ.”

“ಸುಮ್ನೆ ನಿಂತ್ಕೋ ಅತ್ತಿಗೆ. ಅಲ್ಲಾಡ್ಬೇಡ.”

“ನಾನು ನಿಂತೇ ಇದೀನಿ. ಅವಸರ ನಿಂದು.”

ನಾದಿನಿ ಮೇಲಿನ ಗುಂಡಿಯಿಂದ ಮತ್ತೆ ಶುರುಮಾಡಿದಳು.

ಇಬ್ಬರೂ ಒಂದೇ ಲಾಂಡ್ರಿಯಲ್ಲಿ ಕೆಲಸಕ್ಕಿದ್ದರು. ಆಸ್ಪತ್ರೆಗಳ, ಹೋಟೆಲುಗಳ ಶೀಟುಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕಳಿಸುವ ದೊಡ್ಡ ಲಾಂಡ್ರಿ. ಅಣ್ಣ ಲಾರಿ ಓಡಿಸುತ್ತಾನೆ. ಅವನು ಮನೆಗೆ ಬರುವುದು ನೆಂಟರ ಹಾಗೆ. ಒಂದು ಕೋಣೆಯ ಮನೆಯಲ್ಲಿ ಅತ್ತಿಗೆ–ನಾದಿನಿಯರದೇ ಸಂಸಾರ.

ಲಾಂಡ್ರಿಯ ಇಸ್ತ್ರಿ ಯಂತ್ರದಲ್ಲಿ ಹಬೆಯಿಂದ ಕಾಯುವ ಉದ್ದನೆಯ ಉರುಳೆ ಇದೆ. ಈಚೆ ಕಡೆಯಿಂದ ಒದ್ದೆ ಶೀಟು ಕೊಟ್ಟರೆ ಆಚೆ ಕಡೆ ಒಣಗಿ, ಗೆರೆಯಿಲ್ಲದೆ ಬರುತ್ತದೆ. ಶೀಟು ಕೊಡುವ ಕಡೆ ಉರುಳೆಯ ಉದ್ದಕ್ಕೂ ಒಂದು ಕಂಬಿ. ಬೆರಳು ತಗುಲಿದರೆ ಸಾಕು, ಯಂತ್ರ ನಿಲ್ಲಬೇಕು. ಆ ಕಂಬಿ ಇರುವುದೇ ಅದಕ್ಕೆ. ಆದರೆ ಒದ್ದೆ ಶೀಟಿನ ಮಡಿಕೆ ತಗುಲಿದರೂ ಯಂತ್ರ ನಿಲ್ಲುತ್ತಿತ್ತು. ಹೀಗೆ ಮತ್ತೆ ಮತ್ತೆ ನಿಂತರೆ ಹೋಟೆಲಿಗೆ ಹೊತ್ತಿಗೆ ಸರಿಯಾಗಿ ಶೀಟು ಹೋಗುವುದಿಲ್ಲ. ಮ್ಯಾನೇಜರು ಹರಿದ ಶೀಟಿನಿಂದ ಒಂದು ಪಟ್ಟಿ ಸೀಳಿಸಿ, ಕಂಬಿ ಅಲ್ಲಾಡದ ಹಾಗೆ ಬಿಗಿಯಾಗಿ ಕಟ್ಟಿಸಿದರು. ಎಲ್ಲರೂ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಯಂತ್ರ ನಿಲ್ಲದೆ ಓಡಿದರೆ ಮನೆಗೆ ಬೇಗ ಹೋಗಬಹುದು ಎಂಬ ಆಸೆ ಅವರಿಗೂ ಇತ್ತು.

ಅತ್ತಿಗೆಯ ಕೈ ಶೀಟಿನ ಜೊತೆ ಒಳಗೆ ಹೋದಾಗ ಯಂತ್ರ ನಿಲ್ಲಲಿಲ್ಲ.

ನಾದಿನಿ ಆಚೆ ಕಡೆ ಶೀಟು ಹಿಡಿಯಲು ನಿಂತಿದ್ದಳು, ಹಾಡುತ್ತಿದ್ದಳು. ತನ್ನ ಹಾಡಿನಲ್ಲಿ ಅವಳಿಗೆ ಅತ್ತಿಗೆಯ ಕೂಗು ಕೇಳಿಸಲಿಲ್ಲ. ಬರುತ್ತಿದ್ದ ಶೀಟು ಓರೆಯಾದಾಗಲೇ ತಲೆ ಎತ್ತಿದಳು. ಅಷ್ಟರಲ್ಲಿ ಬೇರೆ ಯಾರೋ ಓಡಿ ಬಂದು ಸ್ವಿಚ್ಚು ಆರಿಸಿದ್ದರು.

ಆಸ್ಪತ್ರೆಗೆ ಹೋಗುವಾಗ ವ್ಯಾನಿನಲ್ಲಿ ಮ್ಯಾನೇಜರು ಮೆತ್ತಗೆ ಮಾತಾಡಿದರು. “ನೋಡಿಮ್ಮ, ಕೆಲಸದ ಜಾಗದಲ್ಲಿ ಆಯ್ತು ಅಂದ್ರೆ ತನಿಖೆ ಬರುತ್ತೆ, ಲಾಂಡ್ರಿಗೆ ಬೀಗ ಬೀಳುತ್ತೆ. ಇಷ್ಟು ಜನರ ಅನ್ನಕ್ಕೆ ನೀವೇ ಕಲ್ಲು ಹಾಕಿದ ಹಾಗೆ. ಮನೇಲಿ ಆಯ್ತು ಅನ್ನಿ. ಔಷಧಿ, ಡ್ರೆಸ್ಸಿಂಗು ಎಲ್ಲ ಮಾಲೀಕರ ಲೆಕ್ಕ. ಕೂತು ಮಾಡೋ ಕೆಲಸ ಕೊಡ್ತೀವಿ.”

ಆಸ್ಪತ್ರೆಯಲ್ಲಿ ಡಾಕ್ಟರಿಗೆ ಅವರೇ ಹೇಳಿದರು: “ಮನೇಲಿ ಒಲೆ ಹತ್ತಿರ ಸುಟ್ಕೊಂಡಿದಾರೆ.” ಡಾಕ್ಟರು ಅತ್ತಿಗೆಯ ಕಡೆ ತಿರುಗಿ “ಹೌದಾ?” ಎಂದರು. ಅತ್ತಿಗೆ ತಲೆಯಾಡಿಸಿದಳು.

ಅಂದಿನಿಂದ ಅತ್ತಿಗೆ ಮೂಲೆಯ ಮೇಜಿನ ಮುಂದೆ ಕೂತು ಎಡಗೈಯಿಂದ ದಿಂಬಿನ ಕವರುಗಳನ್ನು ಆರಿಸುತ್ತಾಳೆ. ಡ್ರೆಸ್ಸಿಂಗಿನ ದಿನ ಲಾಂಡ್ರಿಯ ವ್ಯಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತದೆ.

ಲಾಂಡ್ರಿಯವರು ನಾದಿನಿಯನ್ನು ರೇಡಿಯೊ ಎಂದೇ ಕರೆಯುತ್ತಾರೆ. ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ ಬಾಯಿ ಮುಚ್ಚುವುದಿಲ್ಲ. ತಾನೇ ಹಾಡು ಕಟ್ಟುತ್ತಾಳೆ. ಶೀಟುಗಳನ್ನು ಒಟ್ಟುವ ಉಗ್ರಾಣದಲ್ಲಿ ಬಾಗಿಲು ಹಾಕಿಕೊಂಡು ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾಳೆ. ಸುತ್ತ ಬಟ್ಟೆಯ ಗೋಡೆ ಇರುವುದರಿಂದ ದನಿ ಮಾರ್ದನಿಸದೆ ಹತ್ತಿರದಲ್ಲೇ ನಿಲ್ಲುತ್ತದೆ. ಬೀದಿಯ ತುದಿಯ ಫೋನ್ ರಿಪೇರಿಯವನು ಮೊದಲ ಸಲ ಕೇಳಿದಾಗ ಯಾವ ಸ್ಟುಡಿಯೊ ಎಂದು ಕೇಳಿದ್ದ.

ಆ ರಿಪೇರಿಯವನ ಅಡ್ಡಹೆಸರು ಚಾರ್ಜರ್. ನಾದಿನಿಯ ಹಾಡುಗಳು ಹತ್ತು ಜನರ ಆಚೆ ಹೋಗುವುದಿಲ್ಲ ಎಂಬ ಕೊರಗು ಅವಳಿಗಿಂತ ಅವನಿಗೇ ಹೆಚ್ಚು.

“ಹಾಡು ಒಂದ್ ಕಡೆ, ಫೋಟೊ ಇನ್ನೊಂದ್ ಕಡೆ, ವಿಡಿಯೊ ಮತ್ತೊಂದ್ ಕಡೆ. ಹೀಗೆ ಬೀದಿ ತುಂಬ ಸಾಮಾನು ಚೆಲ್ಲಿಕೊಂಡು ಯಾರಾದ್ರೂ ಸಂಸಾರ ಮಾಡ್ತಾರಾ?”

“ಮತ್ತೇನ್ ಮಾಡ್ಲಿ ಅಣ್ಣ?”

“ಒಂದು ವೆಬ್‌ಸೈಟ್ ಮಾಡ್ಕೊಡ್ತೀನಿ. ಅದು ನಿನ್ನ ಮನೆ. ಉಳಿದ ಅಕೌಂಟೆಲ್ಲ ಕಿಟಕಿ. ಎಲ್ಲಾನೂ ಲಿಂಕ್ ಮಾಡ್ತೀನಿ. ಒಂದ್ ಕಡೆ ಹಾಕಿದ್ರೆ ಎಲ್ಲ ಕಡೆ ಹೋಗುತ್ತೆ. ಯಾವ ಕಿಟಕೀಲಿ ಇಣುಕಿದೋರೂ ಕೊನೆಗೆ ನಿನ್ನ ಮನೆಗೇ ಬರ್ತಾರೆ.”

“ನಮ್ಮೋರಿಗೆ ಮಾತ್ರ ಅಂತ ಒಂದೇ ಕಡೆ ಹಾಕ್ಬೇಕು ಅಂದ್ರೆ?”

“ಇಲ್ಲಿ ಟಿಕ್ ಮಾರ್ಕ್ ಇದೆಯಲ್ಲ, ಅದನ್ನ ತೆಗೀಬೇಕು. ತೆಗೀದಿದ್ರೆ ಊರಿಗೆಲ್ಲ ಹೋಗುತ್ತೆ. ಆದ್ರೂ ಹಾಡೋಳಿಗೆ ಮುಸುಕು ಯಾಕೆ?”

ಲಿಂಕ್ ಆದ ಮೇಲೆ ರೇಡಿಯೊ ಕಂಡವರನ್ನೆಲ್ಲ ಹಿಡಿದು ‘ನನ್ನ ಪೇಜ್ ಒತ್ತಿ’ ಎಂದು ಗಂಟುಬಿದ್ದಳು. ಶೀಟು ಒಯ್ಯಲು ಬರುವ ಹೋಟೆಲಿನವರು ಒತ್ತಿದರು. ಮ್ಯಾನೇಜರೂ ಒತ್ತಿದರು. “ನಮ್ಮ ಲಾಂಡ್ರಿ ಹುಡುಗಿ,” ಎಂದು ಹೆಮ್ಮೆಯಿಂದ ಮಾಲೀಕರಿಗೂ ತೋರಿಸಿದರು. ಆದರೂ ಕೇಳುವವರು ಬೆರಳೆಣಿಕೆಯಷ್ಟೇ.

ಒಂದು ಸಂಜೆ ಅತ್ತಿಗೆ ತನ್ನ ಪಟ್ಟಿ ಕಟ್ಟಿದ ಕೈಯನ್ನು ತಿರುಗಿಸಿ ನೋಡುತ್ತ, “ಕಂಬಿಗೂ ಬಟ್ಟೆ ಕಟ್ಟಿದ್ರು, ನನ್ನ ಕೈಗೂ ಬಟ್ಟೆ ಕಟ್ಟಿದ್ರು. ಇಬ್ಬರೂ ಗಪ್‌ಚಿಪ್,” ಎಂದು ನಕ್ಕಳು. ಮಾತು ಅಲ್ಲಿಗೆ ಮುಗಿಯಿತು. ನಾದಿನಿಯ ತಲೆಯಲ್ಲಿ ಮುಗಿಯಲಿಲ್ಲ. ಮರುದಿನ ಉಗ್ರಾಣದ ಬಾಗಿಲು ಹಾಕಿಕೊಂಡಳು.

*ಕಂಬಿಗೊಂದು ಕಟ್ಟಿದರು ಬಟ್ಟೆ, ನನ್ನ*
*ಕೈಗೊಂದು ಕಟ್ಟಿದರು ಬಟ್ಟೆ,*
*ಎಲ್ಲಿ ಬೆಂದಿತು ಎಂದು ಕೇಳಿದರೆ ತಂಗಿ,*
*ಮನೆಯ ಒಲೆಮುಂದೆ ಅಂದುಬಿಟ್ಟೆ.*

ಅವಳು ಕಟ್ಟಿದ ಹಾಡುಗಳಲ್ಲಿ ಇದೇ ಚೆನ್ನಾಗಿತ್ತು. ಅದು ಅವಳಿಗೂ ಗೊತ್ತಿತ್ತು. ಲಾಂಡ್ರಿಯ ಹೆಂಗಸರಷ್ಟೇ ಇರುವ ಪೇಜಿಗೆ ಹಾಕಲು ತೆಗೆದಳು. ಕೆಳಗೆ ಟಿಕ್ ಮಾರ್ಕ್‌ಗಳು ಸಾಲಾಗಿ ನಿಂತಿದ್ದವು. ನೋಡಿದಳು. ತೆಗೆಯಲಿಲ್ಲ. ಒತ್ತಿದಳು.

ಸಂಜೆಯೊಳಗೆ ಹಾಡು ಅವಳಿಗೆ ಗೊತ್ತಿಲ್ಲದ ಊರುಗಳಿಗೆ ಹೋಗಿತ್ತು. ಯಾರೋ ಬರೆದಿದ್ದರು: ‘ನಮ್ಮ ಕಾರ್ಖಾನೆಯಲ್ಲೂ ಹೀಗೇ ಕಟ್ಟಿದ್ದಾರೆ ಅಕ್ಕ.’ ಅಡುಗೆ ಮಾಡುತ್ತ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು ಹಿಡಿದು ಅವಳು ಒಳಗೊಳಗೇ ಹಿಗ್ಗಿದಳು. ಪಕ್ಕದಲ್ಲೇ ಕೂತಿದ್ದ ಅತ್ತಿಗೆಗೆ ಏನೂ ಹೇಳಲಿಲ್ಲ.

ಮರುದಿನ ಮ್ಯಾನೇಜರು ನೇರವಾಗಿ ದಿಂಬಿನ ಕವರಿನ ಮೇಜಿಗೆ ಹೋದರು.

“ನಾಳೆಯಿಂದ ನೀವು ಬರೋದು ಬೇಡ. ಮನೇಲಿ ಸುಟ್ಟ ಕೈ ಮನೇಲೇ ಇರ್ಲಿ.”

“ಯಾಕೆ ಸಾರ್, ನಾನೇನ್ ಮಾಡ್ದೆ?”

“ನಿಮ್ಮ ನಾದಿನೀನ ಕೇಳಿ. ಊರೆಲ್ಲ ಕೇಳಿದೆಯಲ್ಲ ಹಾಡು.”

“ಯಾವ ಹಾಡು?”

ಅಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಅವರೆಲ್ಲ ಕೇಳಿದ್ದರು. ಕೇಳದವಳು ಅತ್ತಿಗೆ ಒಬ್ಬಳೇ. ಅವಳದು ಬರೀ ಮಾತಾಡುವ ಹಳೆಯ ಫೋನು. ಅವಳು ಎದ್ದು, ಎಡಗೈಯಲ್ಲಿ ಚೀಲ ತೆಗೆದುಕೊಂಡು, ನಾದಿನಿಯ ಮುಂದೆಯೇ ಹಾದು ಹೋದಳು. ಬೈಯಲಿಲ್ಲ. ಬೈದಿದ್ದರೆ ರೇಡಿಯೊಗೆ ಹಗುರವಾಗುತ್ತಿತ್ತು.

“ಮರ್ತೆ ಸಾರ್,” ಎಂದಳು ರೇಡಿಯೊ, ಮ್ಯಾನೇಜರ ಕೋಣೆಯಲ್ಲಿ. “ಎಲ್ಲಾ ಲಿಂಕ್ ಆಗಿದೆ ಅನ್ನೋದು ಮರ್ತುಹೋಯ್ತು.”

“ಇರ್ಲಿ ಬಿಡು. ಹಾಡು ಚೆನ್ನಾಗಿದೆ. ನಾನೂ ಎರಡು ಸಲ ಕೇಳಿದೆ. ಆದ್ರೆ ಹೋಟೆಲಿನೋರು ಫೋನ್ ಮಾಡಿ, ಏನ್ರೀ ಇದು ಅಂತಾರೆ. ಏನು ಉತ್ತರ ಕೊಡ್ಲಿ?” ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಅದನ್ನ ತೆಗಿ. ಬದಲಿಗೆ ಒಳ್ಳೆ ಹಾಡೊಂದು ಹಾಡು. ಬಿಳಿ ಬಟ್ಟೆ, ನಗುಮುಖ, ಆ ಥರ. ನಮ್ಮ ಲಾಂಡ್ರಿ ವೆಬ್‌ಸೈಟಿಗೂ ನಿನ್ನ ವೆಬ್‌ಸೈಟಿಗೂ ಲಿಂಕ್ ಕೊಡಿಸ್ತೀನಿ. ಹೋಟೆಲಿನೋರೆಲ್ಲ ಕೇಳ್ತಾರೆ. ನೀನೂ ಬೆಳೀತೀಯ, ನಿಮ್ಮ ಅತ್ತಿಗೇನೂ ಮೇಜಿಗೆ ವಾಪಸ್ ಬರ್ತಾರೆ. ಯಾರಿಗೆ ನಷ್ಟ?”

ರೇಡಿಯೊ ಅಲ್ಲೇ, ಅವರ ಮುಂದೆಯೇ ಹಾಡು ತೆಗೆದಳು. ಒಂದು ಕಡೆ ತೆಗೆದರೆ ಎಲ್ಲ ಕಡೆಯೂ ಹೋಗುತ್ತದೆ. ಚಾರ್ಜರ್ ಅಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದ.

ಮನೆಗೆ ಬಂದಾಗ ಅತ್ತಿಗೆ ಹೊಸ್ತಿಲ ಮೇಲೆ ಕೂತಿದ್ದಳು.

“ತೆಗೆದ್ಬಿಟ್ಟೆ ಅತ್ತಿಗೆ. ನಾಳೆಯಿಂದ ನಿನ್ನ ಕೆಲಸ ನಿಂಗೇ. ಮ್ಯಾನೇಜರೇ ಹೇಳಿದ್ರು.”

“ಹಾಡು.”

“ಏನು?”

“ಊರೆಲ್ಲ ಕೇಳಿದ್ದನ್ನ ನಾನೂ ಕೇಳ್ತೀನಿ. ಹಾಡು.”

ರೇಡಿಯೊ ಹಾಡಿದಳು. ಅತ್ತಿಗೆ ಕೊನೆಯವರೆಗೆ ಕೇಳಿದಳು.

“ಅಂದುಬಿಟ್ಟೆ ಅಂತ ಹಾಡಿದೀಯಲ್ಲ, ಅದು ಸುಳ್ಳು. ನಾನು ಏನೂ ಅನ್ನಲಿಲ್ಲ. ಅಂದಿದ್ದು ಅವರು. ನಾನು ತಲೆ ಆಡಿಸ್ದೆ.”

“ತಪ್ಪಾಯ್ತು ಅತ್ತಿಗೆ.”

“ಹಾಕ್ದಾಗ ನನ್ನ ಕೇಳ್ಲಿಲ್ಲ. ಸರಿ, ತೆಗೆದಾಗ್ಲಾದ್ರೂ ಕೇಳಿದ್ಯಾ? ಕೈ ಯಾರದು?”

ರೇಡಿಯೊ ನೆಲ ನೋಡಿದಳು. “ಮರ್ತೆ ಅಂತ ಎಲ್ಲರಿಗೂ ಹೇಳಿದೀನಿ. ಮರ್ತಿರ್ಲಿಲ್ಲ. ಟಿಕ್ ಮಾರ್ಕ್ ಕಣ್ಣಿಗೆ ಕಾಣ್ತಿತ್ತು. ಜನ ಕೇಳ್ಲಿ ಅನ್ನಿಸ್ತು. ನಿನ್ನ ನೋವಿಗಲ್ಲ, ನನ್ನ ಹಾಡಿಗೆ.” ಮತ್ತೆ ಹೇಳಿದಳು, “ಅವತ್ತೂ ಹಾಡ್ತಾ ಇದ್ದೆ. ನೀನು ಕೂಗಿದ್ದು ಕೇಳಿಸ್ಲಿಲ್ಲ.”

“ಗೊತ್ತು.”

“ಗೊತ್ತಾ?”

“ನಿನ್ನ ಹಾಡು ನಂಗೆ ಕೇಳಿಸ್ತಾ ಇತ್ತಲ್ಲ.”

ಅತ್ತಿಗೆಯೇ ಮಾತು ಮುಂದುವರಿಸಿದಳು.

“ಈಗ ಉರುಳೆಗೆ ಶೀಟು ಕೊಡೋರ್ಯಾರು?”

“ಹೊಸಬಿ.”

“ಆ ನಗ್ತಾನೇ ಇರ್ತಾಳಲ್ಲ, ಅವಳಾ? ಕಂಬಿ ಬಟ್ಟೆ ಬಿಚ್ಚಿದಾರಾ?”

“ಇಲ್ಲ.”

“ನಾನು ಮೇಜಿನ ಮುಂದೆ ಕೂತು ದಿನಾ ನೋಡ್ತಿದ್ದೆ. ಆ ಬಟ್ಟೆ ಅಲ್ಲೇ ಇತ್ತು. ಅವಳ ಬೆರಳು ಅಲ್ಲೇ ಓಡಾಡ್ತಿತ್ತು. ಮನೇಲಿ ಆಯ್ತು ಅಂತ ನಾನು ತಲೆ ಆಡಿಸಿದ್ಮೇಲೆ ಅವ್ರು ಯಾಕೆ ಬಿಚ್ತಾರೆ? ಲಾಂಡ್ರೀಲಿ ಏನೂ ಆಗೇ ಇಲ್ವಲ್ಲ. ನೀನು ಹಾಡಿ ತಪ್ಪು ಮಾಡ್ದೆ. ನಾನು ಹಾಡದೆ ಮಾಡ್ದೆ.”

ಅವಳು ಎದ್ದು ಒಳಗೆ ಬಂದಳು. ಹಲ್ಲಿನಿಂದ ಗಂಟು ಸಡಿಲಿಸಿ ಪಟ್ಟಿ ಬಿಚ್ಚತೊಡಗಿದಳು.

“ಏನ್ ಮಾಡ್ತಿದೀಯ ಅತ್ತಿಗೆ?”

“ಫೋನ್ ಹಿಡಿ. ಮೊದಲು ನಾನು ಮಾತಾಡ್ತೀನಿ. ಆಮೇಲೆ ನೀನು ಹಾಡು, ಸುಳ್ಳಿನ ಸಾಲು ಸರಿ ಮಾಡಿ.”

“ಕೆಲಸ ಹೋಗುತ್ತೆ. ನಂದೂ ಹೋಗುತ್ತೆ. ನಾಳೆ ಡ್ರೆಸ್ಸಿಂಗ್ ಇದೆ, ವ್ಯಾನ್ ಬರಲ್ಲ.”

“ಗೊತ್ತು ಕಣೇ. ನಾನೇನು ಮಗುವಾ? ನಂಗೂ ಹೆದರಿಕೆ ಇದೆ. ಹಿಡಿ.”

ಅತ್ತಿಗೆ ಬೆಂದ ಕೈಯನ್ನು ಫೋನಿನ ಮುಂದೆ ಚಾಚಿದಳು. ಅದು ಯಾವ ಯಂತ್ರ, ಕಂಬಿ ಯಾಕೆ ಇರುತ್ತದೆ, ಅದನ್ನು ಯಾವುದರಿಂದ ಕಟ್ಟಿದ್ದಾರೆ, ಯಾರು ಕಟ್ಟಿಸಿದರು, ವ್ಯಾನಿನಲ್ಲಿ ಯಾರು ಏನೆಂದರು, ಎಲ್ಲವನ್ನೂ ತರಕಾರಿ ರೇಟು ಹೇಳುವ ದನಿಯಲ್ಲಿ ಹೇಳಿದಳು. “ಇಂಥ ಕಂಬಿ ಹತ್ತಿರ ಕೆಲಸ ಮಾಡೋರು ಒಂದ್ ಸಲ ಬಗ್ಗಿ ನೋಡ್ಕೊಳ್ಳಿ,” ಎಂದು ಮುಗಿಸಿದಳು. ರೇಡಿಯೊ ಹಾಡಿದಳು. ಕೊನೆಯ ಸಾಲು ಬದಲಾಗಿತ್ತು: *ಅವರೊಂದು ಅಂದರು, ನಾ ತಲೆಯಾಡಿಸಿಬಿಟ್ಟೆ.*

“ಇವೇನಾ ನಿನ್ನ ಟಿಕ್ ಮಾರ್ಕ್?”

“ಹೂಂ. ಒಂದನ್ನೂ ತೆಗೆದಿಲ್ಲ. ಎಲ್ಲ ಕಡೆ ಹೋಗುತ್ತೆ. ಹಾಕ್ಲಾ ಅತ್ತಿಗೆ?”

“ಈಗ ಕೇಳಿದೆ ನೋಡು,” ಎಂದು ಅತ್ತಿಗೆ ತನ್ನ ಎಡಗೈ ಹೆಬ್ಬೆರಳಿಂದ ತಾನೇ ಒತ್ತಿದಳು.

ಮರುದಿನ ಬೆಳಿಗ್ಗೆ ಲಾಂಡ್ರಿಯ ಹೆಂಗಸರು ಹೊರಗೆ ಚಹಾ ಕುಡಿಯುತ್ತ ಒಬ್ಬರ ಭುಜದ ಮೇಲಿಂದ ಒಬ್ಬರು ಬಗ್ಗಿ ಫೋನು ನೋಡಿದರು. ಮಾತು ಕಡಿಮೆಯಿತ್ತು. ಕೆಲಸ ಶುರುವಾಗುವ ಹೊತ್ತಿಗೆ ಕಂಬಿಯ ಮೇಲಿನ ಪಟ್ಟಿ ಇರಲಿಲ್ಲ. ಶೀಟಿನ ನೂಲು ಕತ್ತರಿಸುವ ಕತ್ತರಿ ಎಲ್ಲರ ಬಳಿಯೂ ಇರುತ್ತದೆ. ಯಾರು ಕತ್ತರಿಸಿದರು ಎಂಬುದು ಇದುವರೆಗೆ ಗೊತ್ತಾಗಿಲ್ಲ. ಗೊತ್ತಿದ್ದವರು ಹೇಳುವುದಿಲ್ಲ.

ಯಂತ್ರ ಓಡಿತು. ಹೊಸಬಿ ಒಂದು ಬೆರಳಿಂದ ಕಂಬಿ ಮುಟ್ಟಿದಳು. ಯಂತ್ರ ನಿಂತಿತು.

“ಯಾಕೆ ನಿಂತಿತು?” ಮ್ಯಾನೇಜರು ಓಡಿ ಬಂದರು.

“ಕೈ ತಗುಲ್ತು ಸಾರ್.”

ಮತ್ತೆ ಓಡಿಸಿದರು. ಹೊಸಬಿಯ ಪಕ್ಕದವಳು ಮುಟ್ಟಿದಳು. ನಿಂತಿತು.

“ನಂದೂ ತಗುಲ್ತು ಸಾರ್.”

“ಒಂದು ಹರಿದ ಶೀಟು ತನ್ನಿ ಇಲ್ಲಿ.”

ಮಡಿಸುವ ಮೇಜಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. “ಹರಿದದ್ದು ಒಂದೂ ಇಲ್ಲ ಸಾರ್. ಎಲ್ಲಾ ಚೆನ್ನಾಗಿವೆ.”

ಮ್ಯಾನೇಜರು ಸಿಟ್ಟು ತೀರಿಸಿಕೊಂಡದ್ದು ರೇಡಿಯೊ ಮೇಲೆ. ಅವಳನ್ನು ಆಗಲೇ ಗೇಟಿನ ಹೊರಗೆ ಹಾಕಿದರು. ಬೀದಿಯ ತಿರುವಿನವರೆಗೂ ಅವಳು ಕಿವಿಗೊಟ್ಟು ನಡೆದಳು. ಯಂತ್ರ ಶುರುವಾಗುತ್ತಿತ್ತು, ನಿಲ್ಲುತ್ತಿತ್ತು.

ಆ ದಿನ ವ್ಯಾನು ಬರಲಿಲ್ಲ. ಅತ್ತಿಗೆ–ನಾದಿನಿಯರು ಬಿಸಿಲಿನಲ್ಲಿ ನಡೆದೇ ಆಸ್ಪತ್ರೆಗೆ ಹೋದರು. ಸರದಿಯಲ್ಲಿ ಕೂತಾಗ ರೇಡಿಯೊ, “ನನ್ನಿಂದಲೇ ಅಲ್ವಾ ಅತ್ತಿಗೆ?” ಎಂದಳು. ಅತ್ತಿಗೆ ಇಲ್ಲವೆನ್ನಲಿಲ್ಲ. ಅವಳ ಅಂಗಿಯ ಗುಂಡಿ ಒಂದು ತಪ್ಪಿತ್ತು. ಬೆಳಿಗ್ಗೆ ತಾನೇ ಹಾಕಿಕೊಂಡಿದ್ದಳು. ಸರಿಮಾಡಲು ಹೋದ ನಾದಿನಿಯ ಕೈಯನ್ನು ಎಡಗೈಯಿಂದ ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಒಳಗೆ ಅದೇ ಡಾಕ್ಟರು. ಹಳೆಯ ಚೀಟಿ ನೋಡುತ್ತ, “ಮನೇಲಿ ಒಲೆ ಹತ್ತಿರ ಸುಟ್ಕೊಂಡಿದ್ದು, ಅಲ್ವಾ?” ಎಂದರು.

“ಅಲ್ಲ,” ಎಂದಳು ಅತ್ತಿಗೆ. “ಪೆನ್ನು ತಗೊಳ್ಳಿ ಡಾಕ್ಟ್ರೇ. ನಿಧಾನಕ್ಕೆ ಹೇಳ್ತೀನಿ.”