ನಾಲ್ಕನೆಯ ಕಣಜ

"ಏ ಚಿಕ್ಕಪ್ಪಾ! ಯಾಕೆ ಇಳಿಸ್ತಿದ್ದೀಯಾ? ಇನ್ನೂ ಅರ್ಧ ಡಬ್ಬ ಬಣ್ಣ ಇದೆ!"

ಕೆಳಗೆ ಕೇಳಿಸಿತೋ ಇಲ್ಲವೋ, ಕಣಜದ ಗೋಡೆಗೆ ಇಳಿಬಿಟ್ಟಿದ್ದ ಹಲಗೆಯ ತೊಟ್ಟಿಲು ಮಾತ್ರ ದಡದಡನೆ ಇಳಿಯುತ್ತಲೇ ಇತ್ತು. ಅವಳ ಕೈಯಲ್ಲಿದ್ದ ಕುಂಚ ಹೂವಿನ ಹಸಿರು ಕಾಂಡದುದ್ದಕ್ಕೂ ಹಳದಿ ಗೀರು ಎಳೆದುಬಿಟ್ಟಿತು. ಎರಡು ದಿನದ ಕೆಲಸ ಹಾಳು! ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದವಳು ಚಿಕ್ಕಪ್ಪನ ಮುಖ ನೋಡಿ ಸುಮ್ಮನಾದಳು. ಅವನು ರಾಟೆಯ ಹಿಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದ.

"ನೀನೇ ತಟ್ಟಿದ್ಯಲ್ಲಮ್ಮಾ, ಮೂರು ಸಲ."

"ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಕುಂಚ. ಯಾವುದರಲ್ಲಿ ತಟ್ಟಲಿ, ತಲೆಯಲ್ಲಾ?"

ಅವನು ನಗಲಿಲ್ಲ.

ನಾಲ್ಕು ಉಕ್ಕಿನ ಕಣಜಗಳೂ ಇಪ್ಪತ್ತು ವರ್ಷದಿಂದ ಖಾಲಿ ಬಿದ್ದಿದ್ದವು. ಕೆಡವುವುದಕ್ಕಿಂತ ಬಣ್ಣ ಬಳಿಯುವುದೇ ಅಗ್ಗವೆಂದು ನಗರಸಭೆಗೆ ಹೊಳೆದದ್ದೇ ತಡ, ಮೂರರ ಮೇಲೆ ಮೀನು, ಹಕ್ಕಿ, ಗಾಳಿಪಟ ಹುಟ್ಟಿಕೊಂಡವು. ಜನ ಬಸ್ಸಿಳಿದು ಬಂದು ಫೋಟೋ ತೆಗೆಸಿಕೊಳ್ಳತೊಡಗಿದರು. ನಾಲ್ಕನೆಯದಕ್ಕೆ ಸೂರ್ಯಕಾಂತಿ. ಅದು ತನಗೇ ಬೇಕೆಂದು ಹಠ ಹಿಡಿದು ಕೇಳಿ ಪಡೆದವಳು ಅವಳು. ಅಪ್ಪ ಸತ್ತದ್ದು ಅದರೊಳಗೆ.

ಗೋಡೆಗೆ ಕಚ್ಚಿಕೊಂಡ ಕಾಳನ್ನು ಕೋಲಿನಿಂದ ಕೆಡವಲು ಆಗ ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಳಗಿಳಿಯುತ್ತಿದ್ದ. ನೆತ್ತಿಯ ರಾಟೆಯಿಂದ ಹಾದುಬಂದ ಹಗ್ಗವನ್ನು ಇನ್ನೊಬ್ಬ ಹೊರಗೆ ನೆಲದ ಮೇಲೆ ನಿಂತು ಹಿಡಿಯುತ್ತಿದ್ದ. ಒಳಗಿನ ಕೂಗು ಹೊರಗೆ ಕೇಳದು. ಅದಕ್ಕೇ ಗೋಡೆಗೆ ತಟ್ಟುವ ಪದ್ಧತಿ: ಒಂದಕ್ಕೆ ಹಗ್ಗ ಬಿಡು, ಎರಡಕ್ಕೆ ತಡೆ, ಮೂರಕ್ಕೆ ನನ್ನನ್ನು ಹೊರಗೆ ತೆಗೆ. ಬಣ್ಣದ ಕೆಲಸಕ್ಕೆ ಬಂದಾಗ ಚಿಕ್ಕಪ್ಪ ಅವಳಿಗೂ ಅದನ್ನೇ ಕಲಿಸಿದ್ದ, ಮೂರಕ್ಕೆ ಕೆಳಗಿಳಿಸುವುದೆಂದು.

ಮೂವತ್ತೊಂದು ವರ್ಷದ ಹಿಂದೆ ಒಳಗಿಳಿದವನು ಅಪ್ಪ, ಹಗ್ಗ ಹಿಡಿದವನು ಈ ತಮ್ಮ. ಕಾಳು ಒಮ್ಮೆಲೇ ಕುಸಿಯಿತು, ತಟ್ಟುವುದಕ್ಕೂ ಪುರುಸೊತ್ತಾಗಲಿಲ್ಲ, ಕಣ್ಣುಮುಚ್ಚಿ ತೆರೆಯುವುದರೊಳಗೆ ಆಗಿಹೋಯಿತು ಎಂದು ಅವನು ಎಲ್ಲರಿಗೂ ಹೇಳಿದ. ಒದ್ದಾಡದೆ ಹೋದರಲ್ಲ ಎಂಬ ಆ ಒಂದು ಸಮಾಧಾನದಲ್ಲೇ ಅಮ್ಮ ಇಷ್ಟು ವರ್ಷ ಬದುಕಿದ್ದಳು. ಚಿಕ್ಕಪ್ಪ ಮದುವೆಯಾಗಲಿಲ್ಲ. ಅಣ್ಣನ ಮಗಳನ್ನು ಸಾಕಿದ, ಓದಿಸಿದ, ಈಗ ಅವಳ ರಾಟೆ ತಿರುಗಿಸುತ್ತಿದ್ದ.

"ಪಾರಿವಾಳ ಇರಬೇಕು ಬಿಡು," ಎಂದಳು.

"ಪಾರಿವಾಳಕ್ಕೆ ಎಣಿಸೋಕೆ ಬರುತ್ತಾ?"

ನೋಡಿಯೇಬಿಡೋಣವೆಂದು ಅವಳು ಕಣಜದ ಬುಡದ ಕಿರುಬಾಗಿಲು ತೆಗೆದು ತಲೆ ಹಾಕಿದಳು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಮೈ ಜುಮ್ಮೆನ್ನುವ ಥಂಡಿ. ಹಿಂದಿನ ವಾರವಷ್ಟೇ ಗುಡಿಸಿದ್ದ ನೆಲದಲ್ಲಿ ಒಂದು ಪುಕ್ಕವೂ ಇರಲಿಲ್ಲ. ಕಾಳಿನ ವಾಸನೆ ಮಾತ್ರ ಈಗತಾನೇ ತುಂಬಿಟ್ಟ ಹಾಗೆ ಗಾಢವಾಗಿತ್ತು.

ಠಣ್. ಠಣ್. ಠಣ್.

ಸದ್ದು ಮೇಲಿನಿಂದ ಬಂತು, ಅವಳ ಹೂವು ಅರ್ಧಕ್ಕೆ ನಿಂತಿದ್ದ ಎತ್ತರದಿಂದ. ಬಿಸಿಲಿಗೆ ಹಿಗ್ಗುವ ಉಕ್ಕಿನ ಸದ್ದಲ್ಲ ಅದು. ಕೋಲೆತ್ತಿ ಹೊಡೆಯಲು ಎಷ್ಟು ಹೊತ್ತು ಬೇಕೋ ಅಷ್ಟೇ ಬಿಡುವು ನಡುವೆ. ಮತ್ತೆ ಮೂರು. ಮತ್ತೆ ಮೂರು, ಈ ಸಲ ಅವಸರವಸರವಾಗಿ. ಆಮೇಲೆ ಎರಡೇ ಕೇಳಿಸಿದವು. ಮೂರನೆಯದಕ್ಕೆ ಅವಳು ಉಸಿರು ಹಿಡಿದು ಕಾದಳು. ಅದು ಬರಲೇ ಇಲ್ಲ.

ಹಿಂದೆ ಚಿಕ್ಕಪ್ಪ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ.

"ಆವತ್ತೂ ಹೀಗೇ... ಹೀಗೇ ನಿಂತುಹೋಯ್ತು."

"ಆವತ್ತು ತಟ್ಟಲೇ ಇಲ್ಲ ಅಂದಿದ್ಯಲ್ಲ?"

"ಪಕ್ಕದ ಕಣಜದಲ್ಲಿ ಕಾಳು ಎಲ್ಲೀವರೆಗೆ ಇದೆ ಅಂತ ಒಬ್ಬ ಸುತ್ತಿಗೇಲಿ ತಟ್ಟಿ ನೋಡ್ತಿದ್ದ. ಅವನದೇ ಸದ್ದು ಅಂದ್ಕೊಂಡೆ. ಮೊದಲನೇ ಸಲ ಸುಮ್ಮನಿದ್ದೆ. ಎರಡನೇ ಸಲವೂ ಸುಮ್ಮನಿದ್ದೆ. ಆಮೇಲೆ ಎಳೆದೆ. ಹಗ್ಗ ಬರಲಿಲ್ಲ ಕಣಮ್ಮಾ."

ಅವಳಿಗೆ ಕೊರಳಪಟ್ಟಿ ಹಿಡಿದು ಅಲುಗಾಡಿಸಿಬಿಡುವಷ್ಟು ಸಿಟ್ಟು. ಆದರೆ ಹಿಡಿಯುವುದು ಹೇಗೆ? ದಿನಾ ಬೆಳಿಗ್ಗೆ ತನಗೆ ತಲೆ ಬಾಚಿ ಶಾಲೆಗೆ ಕಳಿಸಿದವನು ಎದುರಿಗೆ ಮಣ್ಣಿನಲ್ಲಿ ಕೂತಿದ್ದ.

"ಅಮ್ಮನಿಗೆ ನಾನಂತೂ ಹೇಳಲ್ಲ. ನೀನೇ ಹೇಳ್ಬೇಕು," ಎಂದಳು.

"ಹೇಳ್ತೀನಿ. ಮೊದಲು ನನ್ನನ್ನ ಮೇಲಕ್ಕೆ ಕಳಿಸು."

ಅವಳು ಅವನನ್ನು ತೊಟ್ಟಿಲಲ್ಲಿ ಕೂರಿಸಿ ರಾಟೆ ತಿರುಗಿಸಿದಳು. ಅರ್ಧ ಹೂವಿನ ಹತ್ತಿರ ಅವನು ನಿಲ್ಲಿಸೆಂದು ಕೈಯಾಡಿಸಿದ. ಹಸಿ ಬಣ್ಣಕ್ಕೆ ಹಣೆಯಿಟ್ಟು ಏನೋ ಹೇಳತೊಡಗಿದ. ಅವನ ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಹೇಳಿ ಮುಗಿಸಿ, ಕಿವಿಯನ್ನು ಗೋಡೆಗೆ ಒತ್ತಿ ಬಹಳ ಹೊತ್ತು ಕೂತಿದ್ದ. ಆಮೇಲೆ, ಯಾರೋ ಏನೋ ಕೇಳಿದ್ದಕ್ಕೆ ಎಂಬಂತೆ, ಎರಡು ಸಲ ತಲೆಯಾಡಿಸಿದ. ಅವಳ ರಟ್ಟೆ ಬಿದ್ದುಹೋಗುವಷ್ಟು ನೋಯುತ್ತಿತ್ತು, ಆದರೂ ಹಿಡಿ ಬಿಡಲಿಲ್ಲ.

ಸಂಜೆ ಬಾಗಿಲು ತೆಗೆದ ಅಮ್ಮ ಮೈದುನನ ಮುಖ ನೋಡಿ ನಕ್ಕುಬಿಟ್ಟಳು. "ಏನೋ ಇದು ವೇಷ? ಗೋಡೆಗೆ ಬಳಿ ಅಂದ್ರೆ ಮುಖಕ್ಕೆ ಬಳ್ಕೊಂಡು ಬಂದಿದ್ದೀಯಲ್ಲೋ! ಬಾ ಇಲ್ಲಿ."

ಅವನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಹಳೆಯ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಣೆ ಒರೆಸತೊಡಗಿದಳು. ಮಗಳು ಬಾಗಿಲಲ್ಲೇ ನಿಂತಳು.

"ಅತ್ತಿಗೆ," ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ಅಣ್ಣ ಆವತ್ತು ತಟ್ಟಿದ್ದ. ನನಗೆ ಕೇಳಿಸಿತ್ತು."

ಬಟ್ಟೆ ಹಣೆಯ ಮೇಲೇ ನಿಂತಿತು.

"ಎಷ್ಟು ಹೊತ್ತು?" ಎಂದಳು ಅಮ್ಮ.

ಅಮ್ಮ ಬಟ್ಟೆಯನ್ನು ಮತ್ತೆ ಸೀಮೆಎಣ್ಣೆಯಲ್ಲಿ ಅದ್ದಿ, ಹಿಂಡಿ, ಒಂದು ಕೈಯಲ್ಲಿ ಅವನ ಗಲ್ಲ ಹಿಡಿದು ಉಜ್ಜತೊಡಗಿದಳು. ಹಳದಿ ಹೋಯಿತು, ಚರ್ಮ ಕೆಂಪಾಯಿತು. ಅಮ್ಮ ಉಜ್ಜುತ್ತಲೇ ಇದ್ದಳು.