ಹೊಸ ಕ್ವಾರ್ಟರ್ಸಿನ ಸಂಡಾಸ

ಕೃಷ್ಣೆಯ ದಂಡೆಯ ಆ ಜಿಂಕೆವನದಲ್ಲಿ ಜಿಂಕೆಗಳಿಗೆ ಹೊಸ ಕೊಟ್ಟಿಗೆ ಆಗಿತ್ತು, ನವಿಲುಗಳಿಗೆ ಹೊಸ ಪಂಜರ ಬಂದಿತ್ತು. ಕೂಲಿಯವರು ಮಾತ್ರ ಹಿಂದೊಮ್ಮೆ ಸಿಮೆಂಟು ಚೀಲ ಇಡಲು ಎಬ್ಬಿಸಿದ್ದ ತಗಡಿನ ಖೋಲಿಗಳಲ್ಲೇ ಇದ್ದರು. ಹಗಲೆಲ್ಲ ಜಿಂಕೆಗೆ ಮೇವು ಹಾಕಿ, ಸಸಿಗೆ ಗುಂಡಿ ತೋಡುವ ಹೆಂಗಸರು ಬಯಲಿಗೆ ಹೋಗಬೇಕೆಂದರೆ ಬೆಳಕು ಹರಿಯುವ ಮುಂಚೆ ಜಾಲಿಗಿಡದ ಮರೆ ಹುಡುಕಬೇಕು. ಹೋದ ಮಳೆಗಾಲದಲ್ಲಿ ಕೂಲಿಯ ಹೊನ್ನವ್ವನ ಸೊಸೆಗೆ ಅಲ್ಲೇ ಹಾವು ಕಡಿಯಿತು. ಮುದ್ದೇಬಿಹಾಳದ ದವಾಖಾನೆ ಮುಟ್ಟುವ ಮೊದಲೇ ಅವಳ ಜೀವ ಹೋಯಿತು.

ಆಮೇಲೆ ಹೊಸ ಕ್ವಾರ್ಟರ್ಸ್ ಮಂಜೂರಾಯಿತು. ಜಿಂಕೆವನದ ಅಧಿಕಾರಿ ಬಸಂತರಾಯ ಕೆಲಸ ಬೇಗ ಮುಗಿಸಿದ. ಹಳೆಯ ಖೋಲಿಗಳಿಗೇ ಗುಲಾಬಿ ಬಣ್ಣ ಬಳಿಸಿ, ಬಾಗಿಲಿಗೆ ನಂಬರು ಬರೆಸಿದ. ಸಾಲಿನ ತುದಿಗೊಂದು ಸಂಡಾಸ ಎಬ್ಬಿಸಿ ಕೀಲಿ ಜಡಿದ. ಅದೇ ಬೇಸಿಗೆಯಲ್ಲಿ ಬಾಗೇವಾಡಿಯ ಅವನ ಸ್ವಂತ ಮನೆಗೆ ಮಾಳಿಗೆ ಏರಿತು.

ಬೆಂಗಳೂರಿನಿಂದ ದೊಡ್ಡ ಸಾಹೇಬರು ನೋಡಲು ಬರುವ ಹಿಂದಿನ ದಿನ, ಮನೆ ಚಲೋ ಆಗ್ಯಾವ ಅನ್ನಬೇಕು, ಬೇರೆ ಮಾತಾಡಿದವರು ಮರುದಿನ ಕೆಲಸಕ್ಕೆ ಬರುವುದು ಬೇಡ ಎಂದು ಬಸಂತರಾಯ ತಾಕೀತು ಮಾಡಿದ.

ಸಾಹೇಬರು ಬಂದ ದಿನ ಹೊನ್ನವ್ವ ಬಾಯಿ ಬಿಡಲಿಲ್ಲ, ಅವರ ಬಾಯಿ ತುಂಬಿಸಿದಳು. ಅವಳೂ ಪಕ್ಕದ ಖೋಲಿಯ ಗುಲನಾಜಳೂ ಸೇರಿ ರೊಟ್ಟಿ, ಎಣ್ಣೆಬದನೆಕಾಯಿ, ಹಸಿಖಾರ ಬಡಿಸಿದರು. ಮೇಲೆ ಬೇಡವೆಂದರೂ ಮಜ್ಜಿಗೆ ಸುರಿದರು. ಸಾಹೇಬರು ಮನೆಗಳನ್ನು ಹೊಗಳಿ ಏಳುವಷ್ಟರಲ್ಲಿ ಹೊಟ್ಟೆ ಗುಡುಗಿತು. ಸಂಡಾಸ ಎಲ್ಲಿ ಎಂದರು. ಕೀಲಿಕೈ ಮುದ್ದೇಬಿಹಾಳದಲ್ಲಿದೆ ಎಂದು ಬಸಂತರಾಯ ತೊದಲಿದ. ಗುಲನಾಜ ಹೋಗಿ ಭುಜ ಕೊಟ್ಟು ನೂಕಿದಳು. ಬಾಗಿಲು ಚೌಕಟ್ಟಿನ ಸಮೇತ ಒಳಗೆ ಬಿತ್ತು.

ಒಳಗೆ ಗುಂಡಿಯಿಲ್ಲ, ಬೇಸಿನ್ನಿಲ್ಲ. ಬರೀ ನೆಲ, ಅದರ ಮೇಲೆ ಬೆಳೆದ ಹುಲ್ಲು.

ಸಾಹೇಬರ ಹಣೆಯಲ್ಲಿ ಬೆವರೊಡೆಯಿತು. ಹೊನ್ನವ್ವ ನೀರಿನ ಚರಗಿ ಅವರ ಕೈಗಿಟ್ಟು ಜಾಲಿಗಿಡ ತೋರಿಸಿದಳು.

"ನಾವು ಹೋಗೂ ಜಾಗಾ ಅಲ್ಲೈತ್ರಿ. ಹಾವು ಅದಾವ, ನೋಡಿ ಕುಂದರ್ರಿ. ನಾವೆಲ್ಲ ಈ ಕಡಿ ಮಾರಿ ಮಾಡಿ ನಿಂದರ್ತೇವಿ. ನನ್ನ ಸೊಸಿಗೆ ಅಷ್ಟೂ ಅನುಕೂಲ ಇರಲಿಲ್ರಿ."

ಸಾಹೇಬರು ಕೋಟು ಎತ್ತಿ ಹಿಡಿದು ಓಡಿದರು. ಹೆಂಗಸರು ಮಾತು ಕೊಟ್ಟಂತೆ ಬೆನ್ನು ತಿರುಗಿಸಿ ನಿಂತರು. ಅವರ ಭುಜಗಳು ಮಾತ್ರ ನಗುವಿಗೆ ಕುಲುಕುತ್ತಿದ್ದವು. ಹೊನ್ನವ್ವ ನಗಲಿಲ್ಲ. ಹಿಂದಿರುಗಿದ ಸಾಹೇಬರು ಯಾರ ಮುಖವನ್ನೂ ನೋಡದೆ ಜೀಪು ಹತ್ತಿದರು. ಹೋಗುವ ಮುನ್ನ, ಕ್ವಾರ್ಟರ್ಸ್ ಮುಗಿದಿದೆ ಎಂಬ ಕಾಗದಕ್ಕೆ ಸಹಿಯನ್ನೂ ಹಾಕಿದರು.

ಮರುದಿನ ಬೆಳಿಗ್ಗೆ ಹೊನ್ನವ್ವನ ಕೆಲಸ ಹೋಯಿತು ಎಂದು ಜವಾನ ಬಂದು ಹೇಳಿದ. ಉಳಿದ ಹೆಂಗಸರು ಸಸಿಗಳ ಕಡೆಗೆ ಹೋಗಲಿಲ್ಲ. ಗುದ್ದಲಿ ಹಿಡಿದು, ಹೊನ್ನವ್ವನನ್ನು ಮುಂದಿಟ್ಟುಕೊಂಡು ಬಸಂತರಾಯನ ಸರ್ಕಾರಿ ಬಂಗಲೆಗೆ ಹೋದರು. ಅಂಗಳದ ಹುಲ್ಲುಹಾಸಿಗೆ ಗುದ್ದಲಿ ಬಿದ್ದ ಸದ್ದಿಗೆ ಅವನು ಬನಿಯನ್ನಿನಲ್ಲೇ ಹೊರಗೆ ಬಂದು, ಏನು ನಡೆಸಿದ್ದೀರಿ ಎಂದು ಕೇಳಿದ.

ಹೊನ್ನವ್ವ ತಲೆ ಎತ್ತಲಿಲ್ಲ.

"ಸಂಡಾಸದ ಗುಂಡಿ ತೋಡಾಕತ್ತೇವ್ರಿ," ಎಂದಳು. "ನಮ್ಮ ಕಡಿ ನೆಲಾ ಬಾಳ ಗಟ್ಟಿ. ನಿಮ್ಮಲ್ಲೇ ಮೆತ್ತಗ ಐತಿ."